ಜಮಖಂಡಿಯಲ್ಲಿ ಕಂಡ ಮೂರು ಗೆರೆಗಳು

ನಮ್ಮ ತಾಜಸುಲ್ತಾನಪುರದಲ್ಲಿ ಸೂರ್ಯನ ಪರಿಚಯವಿಲ್ಲದವರು ಯಾರು? ಚೈತ್ರ ಕಾಲಿಟ್ಟರೆ ಸಾಕು, ಮನೆಮನೆಗೂ ಅವನೇ ಬಂದು ಪರಿಚಯ ಹೇಳಿಕೊಳ್ಳುತ್ತಾನೆ. ಆದರೂ 1980ರ ಫೆಬ್ರವರಿ 16ರ ಮಧ್ಯಾಹ್ನ, ರಾಯಚೂರು ಸೀಮೆಯಲ್ಲಿ ಖಗ್ರಾಸವಾದ ಗ್ರಹಣವು ನಮ್ಮೂರಿನಲ್ಲಿ ಹಿಡಿದಷ್ಟನ್ನೂ ನಾನು ನೋಡಲಿಲ್ಲ. ಹುಡುಗರನ್ನೆಲ್ಲ ಒಳಗೆ ಕೂಡಿಸಿ, ಚಿಲಕ ಹಾಕಿ, ಅಜ್ಜಿ ಬಾಗಿಲಲ್ಲೇ ಕುಳಿತಿದ್ದಳು. ಆ ಕೊರಗಿನಿಂದಲೇ ಹಳೆಯ ಗ್ರಹಣಗಳ ಕಥೆ ಓದುವ ಚಟ ನನಗೆ ಹತ್ತಿತು.

1868ರ ಆಗಸ್ಟ್ 18ರದು ಅವುಗಳಲ್ಲಿ ದೊಡ್ಡದು. ಖಗ್ರಾಸದ ವೇಳೆ ಚಂದ್ರನ ಅಂಚಿನಾಚೆ ಕೆಂಪು ನಾಲಗೆಗಳು ಕಾಣುವುದುಂಟು. ಅವು ಸೂರ್ಯನವೇ ಎಂಬುದು 1860ರ ಗ್ರಹಣದ ಛಾಯಾಚಿತ್ರಗಳಿಂದ ಗೊತ್ತಾಗಿತ್ತು. ಎಂಥ ವಸ್ತು ಎಂಬುದು ಗೊತ್ತಿರಲಿಲ್ಲ. ಕಾದ ಅನಿಲವಾಗಿದ್ದರೆ ವರ್ಣಪಟಲದಲ್ಲಿ ಬಿಡಿಬಿಡಿಯಾದ ಹೊಳೆವ ಗೆರೆಗಳು ಮೂಡಬೇಕು. ಘನವಸ್ತುವಾಗಿದ್ದರೆ ಕಾಮನಬಿಲ್ಲಿನಂತೆ ಬಣ್ಣಗಳು ಒಂದರೊಳಗೊಂದು ಬೆರೆತಿರಬೇಕು. ಇದನ್ನು ಪರೀಕ್ಷಿಸಲು, ಅಂದು ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಬಂದವನು ಮೋಜಣಿ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ.

ಶ್ರಾವಣದ ಅಮಾವಾಸ್ಯೆ. ಆಕಾಶದ ತುಂಬ ಮೋಡ. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ಉಪಕರಣವನ್ನು ಹೂಡಿಕೊಂಡು ನಿಂತವನ ಎದೆಬಡಿತ ಹೇಗಿದ್ದೀತು! ಮೋಡ ಸರಿದ ಅಲ್ಪ ಸಮಯದಲ್ಲಿ ಅವನಿಗೆ ಕಂಡವು ಮೂರೇ ಗೆರೆ: ಕೆಂಪು, ಕಿತ್ತಳೆ, ನೀಲಿ. ಅಂದಮೇಲೆ ಆ ನಾಲಗೆಗಳು ಉರಿಯಂತೆ ಕಾದ ಅನಿಲವೇ ಸರಿ. ಕೆಂಪೂ ನೀಲಿಯೂ ಜಲಜನಕದವು. ಕಿತ್ತಳೆಯದನ್ನು ಅವನು ಸೋಡಿಯಂ ಗೆರೆಯೆಂದು ಎಣಿಸಿದ. ಅದು ಸೋಡಿಯಂ ಗೆರೆಯ ನೆರೆಯದು, ಮುಂದೆ ಹೀಲಿಯಂ ಎಂದು ಹೆಸರು ಪಡೆದ ಹೊಸ ಧಾತುವಿನದು. ತಪ್ಪೆಂದು ಎಣಿಸಲು ನನಗೆ ಮನಸ್ಸು ಬಾರದು. ಅವನಿಗೆ ಸಿಕ್ಕ ಹೊತ್ತಾದರೂ ಎಷ್ಟು? ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ಮರುದಿನ ಗ್ರಹಣವಿಲ್ಲದೆಯೇ ಅದೇ ಗೆರೆಗಳನ್ನು ಕಂಡ. ಕೀರ್ತಿ ಗುಂಟೂರಿಗೆ ಸಂದಿತು. ಜಮಖಂಡಿಯ ಹೆಸರು ನಮ್ಮವರಿಗೇ ಮರೆತುಹೋಯಿತು.

ಈ ನಾಲಗೆಗಳಲ್ಲಿ ಕೆಲವು ಕಿತ್ತು ಹೊರಕ್ಕೆ ಚಿಮ್ಮುತ್ತವೆ. ಆಗ ಏಳುವ ಆಘಾತ ತರಂಗ ರೇಡಿಯೋ ಅಲೆಗಳನ್ನು ಹೊಮ್ಮಿಸುತ್ತದೆ. ತರಂಗ ದೂರ ಸರಿದಷ್ಟೂ ಆ ಅಲೆಗಳ ಆವರ್ತನ ಇಳಿಯುತ್ತದೆ. ಇಳಿತದಿಂದ ವೇಗದ ಲೆಕ್ಕ ಸಿಗುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1997ರಿಂದ ಸೂರ್ಯನಿಗೆ ಕಿವಿಗೊಟ್ಟಿರುವ ಆಂಟೆನಾಗಳ ಸಾಲಿಗೆ ಗ್ರಹಣ ಬೇಕಿಲ್ಲ, ಮೋಡ ಅಡ್ಡಿಯಲ್ಲ. 2025ರಲ್ಲಿ ಯೂರೋಪಿನ ಲೋಫಾರ್ ರೇಡಿಯೋ ದೂರದರ್ಶಕದ ವಿಜ್ಞಾನಿಗಳು, ಸುಮಾರು 130 ಜ್ಯೋತಿರ್ವರ್ಷ ದೂರದ ಒಂದು ಕೆಂಪು ಕುಬ್ಜ ನಕ್ಷತ್ರದಿಂದಲೂ ಇಂಥದೇ ಅಲೆ ಬಂದುದನ್ನು ಪ್ರಕಟಿಸಿದರು. ಅಲ್ಲಿ ಚಿಮ್ಮಿದ ಅನಿಲದ ವೇಗ ಸೆಕೆಂಡಿಗೆ 2,400 ಕಿಲೋಮೀಟರು.