1215ರ ಲೆಕ್ಕ: ಟಿಪ್ಪುವಿನ ನಾಣ್ಯಗಳಲ್ಲಿನ ಮೌಲೂದಿ ಶಕೆಯ ಮೂಲ

ಟಿಪ್ಪು ಸುಲ್ತಾನನ ನಾಣ್ಯಗಳ ಅಧ್ಯಯನಕ್ಕೆ ನೂರು ವರ್ಷಗಳಿಗೂ ಮೀರಿದ ಗಟ್ಟಿ ಅಡಿಪಾಯವಿದೆ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪತ್ರಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದಾಗಲೇ ಆ ಅರಮನೆಯ ವಿಚಿತ್ರ ಪಂಚಾಂಗದ ಚರ್ಚೆ ಶುರುವಾಯಿತು. 1914ರಲ್ಲಿ ಟೇಲರ್, 1921ರಲ್ಲಿ ಹೆಂಡರ್ಸನ್ ನಾಣ್ಯಗಳನ್ನು ಕ್ರಮವಾಗಿ ಪಟ್ಟಿಮಾಡಿದರು. ಅಹ್ಮದಿ, ಸಿದ್ದೀಕಿ, ಫಾರೂಕಿ ಎಂಬ ಚಿನ್ನದ ನಾಣ್ಯಗಳು, ಹೈದರಿ, ಇಮಾಮಿ ಎಂಬ ಬೆಳ್ಳಿಯವು, ಆನೆ ಮುದ್ರೆಯ ತಾಮ್ರದ ಕಾಸುಗಳು ಯಾವುವೆಂಬುದರಲ್ಲಿ ಇಂದು ತಕರಾರಿಲ್ಲ. ‘ಪಟನ್’ ಎಂದರೆ ಶ್ರೀರಂಗಪಟ್ಟಣ, ‘ಫರ್ರುಖ್‌ಯಾಬ್ ಹಿಸಾರ್’ ಎಂದರೆ ಚಿತ್ರದುರ್ಗ, ‘ಖುರ್ಷೀದ್ ಸವಾದ್’ ಎಂದರೆ ಧಾರವಾಡ ಎಂಬ ಟಂಕಸಾಲೆಗಳ ಗುರುತೂ ಬಗೆಹರಿದ ವಿಷಯವೇ.

ಬಗೆಹರಿಯದೆ ಉಳಿದದ್ದು ಒಂದು ಸಂಖ್ಯೆ. ಆಳ್ವಿಕೆಯ ಮೊದಲ ನಾಲ್ಕು ವರ್ಷ ನಾಣ್ಯಗಳ ಮೇಲೆ ಹಿಜರಿ ವರ್ಷ ಕಾಣುತ್ತದೆ. ನಾಲ್ಕನೆಯ ವರ್ಷದಲ್ಲಿ 1200 ಇದ್ದದ್ದು ಐದನೆಯ ವರ್ಷಕ್ಕೆ ಒಮ್ಮೆಲೇ 1215ಕ್ಕೆ ಜಿಗಿಯುತ್ತದೆ. ಅಲ್ಲಿಂದ ವರ್ಷಕ್ಕೊಂದರಂತೆ ಏರಿ, ಟಿಪ್ಪು ಮಡಿದ 1799ರಲ್ಲಿ 1227ಕ್ಕೆ ನಿಲ್ಲುತ್ತದೆ. ಈ ಹೊಸ ಎಣಿಕೆಗೆ ಮೌಲೂದಿ ಶಕೆ ಎಂದು ಹೆಸರು. ಅದು ಎಲ್ಲಿಂದ ಆರಂಭವಾಗುತ್ತದೆ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಪ್ರವಾದಿ ಮುಹಮ್ಮದರ ಜನನದಿಂದ ಸೌರಮಾನದಲ್ಲಿ ಎಣಿಸಿದ್ದು ಎಂಬುದು ಒಂದು. ಹಿಜರತ್ತಿಗೆ ಹದಿಮೂರು ವರ್ಷ ಮೊದಲು ಅವರಿಗೆ ಪ್ರವಾದಿತ್ವ ದೊರೆತಾಗಿನಿಂದ ಚಾಂದ್ರಮಾನದಲ್ಲಿ ಎಣಿಸಿದ್ದು ಎಂಬುದು ಇನ್ನೊಂದು. ಎರಡನೆಯದಕ್ಕೆ ಸರಳತೆಯ ಆಕರ್ಷಣೆಯಿದೆ: ಹಿಜರಿ ಸಂಖ್ಯೆಗೆ ಹದಿಮೂರೋ ಹದಿನಾಲ್ಕೋ ಕೂಡಿಸಿದರೆ ಕೆಲಸ ಮುಗಿಯಿತು. ಹನ್ನೆರಡು ವರ್ಷಗಳ ನಾಣ್ಯಗಳನ್ನು ಸಾಲಾಗಿ ಇಟ್ಟರೂ ಈ ವಾದವನ್ನು ಸಂಖ್ಯೆಯಿಂದಲೇ ತಳ್ಳಿಹಾಕಲಾಗದು. 1787ರ ಯುಗಾದಿ ಹಿಜರಿ 1201ರಲ್ಲಿ ಬಂತು, 1799ರ ಯುಗಾದಿ 1213ರಲ್ಲಿ. ಎರಡು ತುದಿಗಳಲ್ಲೂ ಅಂತರ ಹದಿನಾಲ್ಕೇ. ಚಾಂದ್ರವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಹನ್ನೆರಡು ವರ್ಷಗಳಲ್ಲಿ ಕೂಡಿಬರುವ ವ್ಯತ್ಯಾಸ ನಾಲ್ಕೂವರೆ ತಿಂಗಳಿನಷ್ಟು ಮಾತ್ರ, ವರ್ಷಸಂಖ್ಯೆಯಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ.

ಆದರೆ ನಾಣ್ಯದ ಮೇಲೆ ಸಂಖ್ಯೆಯ ಜೊತೆಗೆ ವರ್ಷಕ್ಕೊಂದು ಹೆಸರೂ ಇದೆ. ಅಜ಼ಲ್, ಜಲೋ, ದಲೋ, ಶಾ, ಸಾರಾ, ಸರಾಬ್ ಎಂದು ಸಾಗುವ ಈ ಹೆಸರುಗಳ ಅಕ್ಷರಗಳಿಗೆ ಬೆಲೆ ಹಾಕಿ ಕೂಡಿದರೆ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಆ ವರ್ಷದ ಸ್ಥಾನ ಸಿಗುತ್ತದೆ. ಇದು ಹಳೆಯ ಶೋಧ. ಅದರಿಂದ ಪೂರ್ತಿ ಫಲ ತೆಗೆದದ್ದು ಕಡಿಮೆ. ಹಿಜರಿ 1200ರ ನಾಣ್ಯದ ‘ದಲೋ’ ತೆಗೆದುಕೊಳ್ಳೋಣ. ಅಬ್ಜದ್ ಪದ್ಧತಿಯಲ್ಲಿ ದಾಲ್ 4, ಲಾಮ್ 30, ವಾವ್ 6, ಒಟ್ಟು 40: ನಲವತ್ತನೆಯ ಸಂವತ್ಸರ ಪರಾಭವ, ಅಂದರೆ 1786-87. ಮರುವರ್ಷದ, ಅಂದರೆ 1215ರ ನಾಣ್ಯದಲ್ಲಿರುವುದು ‘ಶಾ’. ಅಬ್ಜದ್‌ನಲ್ಲಿ ಶೀನ್ ಅಕ್ಷರದ ಬೆಲೆ 300, ಅಲಿಫ್‌ನದು 1. ಮುನ್ನೂರ ಒಂದನೆಯ ಸಂವತ್ಸರ ಎಂಬುದಿಲ್ಲ. ವರ್ಣಮಾಲೆಯ ಅನುಕ್ರಮದಲ್ಲೇ ಬೆಲೆ ಕೊಡುವ ಅಬ್ತಸ್ ಪದ್ಧತಿಯಲ್ಲಿ ಓದಿದರೆ ಶೀನ್ 40, ಅಲಿಫ್ 1: ನಲವತ್ತೊಂದನೆಯ ಪ್ಲವಂಗ, 1787-88. ಕೊನೆಯ ವರ್ಷದ ‘ಬಾರಿಷ್’ ಇದೇ ಲೆಕ್ಕದಲ್ಲಿ 53, ಸಿದ್ಧಾರ್ಥಿ. ಮಧ್ಯೆ ಒಂದು ವರ್ಷವೂ ತಪ್ಪುವುದಿಲ್ಲ.

1787ರ ಯುಗಾದಿಯಂದು ಏನೇನು ಬದಲಾಯಿತು ನೋಡಿ. ಶಕೆ ಬದಲಾಯಿತು, ಅಕ್ಷರಗಳ ಬೆಲೆ ಬದಲಾಯಿತು. ಅಂಕಿ ಬರೆಯುವ ದಿಕ್ಕೂ ತಿರುಗಿತು: ಎಡದಿಂದ ಬಲಕ್ಕೆ ಬರೆಯುತ್ತಿದ್ದದ್ದನ್ನು ಬಲದಿಂದ ಎಡಕ್ಕೆ ಬರೆಯತೊಡಗಿದರು. ಹಾಗಾಗಿ 1215 ನಾಣ್ಯದ ಮೇಲೆ 5121 ಎಂಬಂತೆ ಕಾಣುತ್ತದೆ. (ಈ ಗೊಂದಲದಿಂದ ಪೂರ್ತಿ ಪಾರಾದದ್ದು 1221 ಒಂದೇ, ಯಾವ ಕಡೆಯಿಂದ ಓದಿದರೂ ಅದು ಅದೇ.) ಇಷ್ಟೆಲ್ಲ ಬದಲಾದರೂ ಸಂವತ್ಸರದ ಸರಣಿ ಮಾತ್ರ ನಲವತ್ತರಿಂದ ನಲವತ್ತೊಂದಕ್ಕೆ ಅಲುಗದೆ ನಡೆಯಿತು. ಟಿಪ್ಪುವಿನ ಬದಲಾವಣೆಗಳನ್ನು ಕರ್ಕ್‌ಪ್ಯಾಟ್ರಿಕ್‌ನ ಕಟುವಾದ ಟಿಪ್ಪಣಿಗಳ ಕಣ್ಣಿನಿಂದ ನೋಡುವವರು ಇಲ್ಲಿ ಹೊಸತನದ ಹುಚ್ಚನ್ನೋ ಮತಾಭಿಮಾನವನ್ನೋ ಮಾತ್ರ ಕಂಡಿದ್ದಾರೆ. ನಾಣ್ಯದ ಸಾಕ್ಷ್ಯ ಬೇರೆ. ಈ ರಾಜ್ಯದ ರೈತ, ಶ್ಯಾನುಭೋಗ, ಜೋಯಿಸ ಎಲ್ಲರೂ ಬಳಸುತ್ತಿದ್ದ ಕಾಲಗಣನೆಯನ್ನು ಹೊಸ ಶಕೆ ಕಿತ್ತುಹಾಕಲಿಲ್ಲ, ಅದರ ಮೇಲೆಯೇ ಕೂತಿತು. ಬೆಳ್ಳಿ ನಾಣ್ಯಗಳಲ್ಲಿ ಪಟ್ಟಾಭಿಷೇಕದ ದಿನವನ್ನು ‘ಬಹಾರಿ’ ತಿಂಗಳ ಮೂರನೆಯ ದಿನ ಎಂದು ಬರೆದಿದೆ. ಅಹ್ಮದಿಯಿಂದ ಶುರುವಾಗುವ ಅರಮನೆಯ ಹನ್ನೆರಡು ತಿಂಗಳುಗಳಲ್ಲಿ ಬಹಾರಿ ಎರಡನೆಯದು, ವೈಶಾಖದ ಸ್ಥಾನದ್ದು.

ಈಗ ವಿವಾದಕ್ಕೆ ಬರುತ್ತೇನೆ. ಹಿಜರಿ ಕಾಲದ ನಾಣ್ಯಗಳಲ್ಲೇ ಒಂದು ಕ್ರಮ ಅಡಗಿದೆ. ಅಜ಼ಲ್‌ಗೆ 1198, ಜಲೋಗೆ 1199, ದಲೋಗೆ 1200. ಈ ಮೂರರಲ್ಲೂ ಯುಗಾದಿಯಂದು ಯಾವ ಹಿಜರಿ ವರ್ಷ ನಡೆಯುತ್ತಿತ್ತೋ ಅದೇ ಆ ಸಂವತ್ಸರದ ಸಂಖ್ಯೆಯಾಗಿದೆ. ಇದೇ ಕ್ರಮದಲ್ಲಿ ‘ಶಾ’ ವರ್ಷಕ್ಕೆ 1201 ಬರಬೇಕಿತ್ತು. ಪ್ರವಾದಿತ್ವ ದೊರೆತದ್ದು ಹಿಜರತ್ತಿಗೆ 13 ವರ್ಷ ಮೊದಲು ಎಂಬ ಸಂಪ್ರದಾಯವನ್ನು ಹಿಡಿದು, ಆ ವರ್ಷವನ್ನೇ ಒಂದು ಎಂದು ಎಣಿಸಿದರೂ ಹಿಜರಿ 1201 ಆಗುವುದು 1214. ಗತವರ್ಷ, ಅಂದರೆ ತುಂಬಿದ ವರ್ಷಗಳನ್ನಷ್ಟೇ, ಎಣಿಸಿದರೆ ಇನ್ನೂ ಕಡಿಮೆ. 1215 ಬರಬೇಕಾದರೆ 1787ರ ಅಕ್ಟೋಬರ್‌ನಲ್ಲಿ ಶುರುವಾದ ಹಿಜರಿ 1202ನ್ನು ಆಧಾರವಾಗಿ ಹಿಡಿಯಬೇಕು. ಹಿಂದಿನ ಮೂರು ವರ್ಷಗಳ ರೂಢಿ ಅದಕ್ಕೆ ವಿರುದ್ಧ.

ಜನನದ ಲೆಕ್ಕ ಹೇಗೆ? ಅರಮನೆಯ ಲೆಕ್ಕಿಗರ ಮುಂದೆ ಕ್ರಿಸ್ತಶಕವಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪ್ರವಾದಿ 53 ಚಾಂದ್ರವರ್ಷದವರಿದ್ದಾಗ ಹಿಜರತ್ ನಡೆಯಿತು, ಜನ್ಮಮಾಸ ರಬೀಉಲ್ ಅವ್ವಲ್ ಎಂಬ ಸಂಪ್ರದಾಯ. ಅಲ್ಲಿಂದ ಹಿಜರಿ 1201ರ ನಡುವಿಗೆ 1253 ಚಾಂದ್ರವರ್ಷ ತುಂಬಿತ್ತು. ಅವನ್ನು ಸೌರಮಾನಕ್ಕೆ ಇಳಿಸಿದರೆ 1215 ವರ್ಷ ಮತ್ತು ಕೆಲವು ತಿಂಗಳು. ಚಿಲ್ಲರೆಯನ್ನು ಬಿಟ್ಟು ತುಂಬಿದ ವರ್ಷಗಳನ್ನಷ್ಟೇ ಬರೆಯುವುದು ನಮ್ಮ ಪಂಚಾಂಗಗಳ ಪದ್ಧತಿ: ಅದೇ ಪ್ಲವಂಗಕ್ಕೆ ಶಾಲಿವಾಹನ ಶಕೆ 1709 ಎನ್ನುವಾಗ ಎಣಿಸುವುದು ಗತವರ್ಷಗಳನ್ನೇ. ಹೀಗಾಗಿ ನನ್ನ ಸೂಚನೆ ಇದು: 1215 ಎಂಬುದು ಜನನದಿಂದ ಎಣಿಸಿದ ಸೌರವರ್ಷಗಳ ಮೊತ್ತ, ಮತ್ತು ಅದನ್ನು ಎಣಿಸಿದ್ದು ಶಕವರ್ಷದ ಮಾದರಿಯಲ್ಲಿ, ಗತವರ್ಷಗಳಾಗಿ. ಶಕೆ ಇಸ್ಲಾಮಿನದು, ಗಣಿತದ ರೂಢಿ ಪಂಚಾಂಗದವರದು.

ಇದನ್ನು ಇದಕ್ಕಿಂತ ಬಿಗಿಯಾಗಿ ಹೇಳಲು ಧೈರ್ಯ ಸಾಲದು. ನನ್ನ ಲೆಕ್ಕ 571ನೆಯ ಇಸವಿಗೆ ಹೊಂದುವ ಜನ್ಮವರ್ಷವನ್ನು ಆಧರಿಸಿದೆ. 570 ಎನ್ನುವ ಸಂಪ್ರದಾಯವನ್ನು ಹಿಡಿದರೆ ಒಂದು ಹೆಚ್ಚುತ್ತದೆ. 1216ನೆಯ ವರ್ಷ ತುಂಬಲು ಆಗ ಉಳಿದಿದ್ದದ್ದು ಕೆಲವೇ ವಾರ, ಲೆಕ್ಕಿಗ ಸ್ವಲ್ಪ ಸಡಿಲನಾಗಿದ್ದರೂ ಫಲಿತ ಬೇರೆಯಾಗುತ್ತಿತ್ತು. ಪ್ರವಾದಿತ್ವದ ವಾದವೂ ಒಂದೇ ವರ್ಷದಿಂದ ಸೋಲುತ್ತದೆ ಎಂಬುದನ್ನು ಮರೆಯಬಾರದು. ಅಷ್ಟು ಸಣ್ಣ ಅಂತರದ ಮೇಲೆ ನಿಂತ ಗೆಲುವು ದೊಡ್ಡ ಗೆಲುವಲ್ಲ. ಹಿಜರಿ ಸಂಖ್ಯೆಯ ರೂಢಿಗೆ ನಾನು ಕೊಟ್ಟದ್ದು ಮೂರೇ ಉದಾಹರಣೆ.

ಕಂದಾಯದ ಅನುಕೂಲಕ್ಕಾಗಿಯೇ ಈ ಬದಲಾವಣೆಯಾಯಿತು ಎಂದು ಹೇಳುವ ಆಸೆ ಸಹಜ. ಅಕ್ಬರನ ಇಲಾಹಿ ಶಕೆ, ಮೊಗಲರ ಫಸಲಿ ವರ್ಷ ಎರಡೂ ಸೌರಮಾನದವೇ. ಹಿಜರಿ ಸಂಖ್ಯೆಯನ್ನು ಸಂವತ್ಸರಕ್ಕೆ ಕಟ್ಟಿದರೆ ಮೂವತ್ಮೂರು ವರ್ಷಕ್ಕೊಮ್ಮೆ ಒಂದು ಸಂಖ್ಯೆ ಹಾರಿಹೋಗಲೇಬೇಕು. ಆದರೆ 1787ರಿಂದ ಮುಂದೆ ಎಣಿಸಿದರೆ ಆ ತೊಡಕು ಎದುರಾಗುತ್ತಿದ್ದದ್ದು ಸುಮಾರು ಹತ್ತೊಂಬತ್ತು ವರ್ಷಗಳ ನಂತರ. ಅಷ್ಟು ದೂರದ ತೊಂದರೆಗೆ ಅಂದೇ ಪರಿಹಾರ ಹುಡುಕಿದರು ಎನ್ನುವುದಕ್ಕೆ ನಾಣ್ಯಗಳಷ್ಟೇ ಸಾಲವು. ಪ್ಲವಂಗದ ಯುಗಾದಿಯನ್ನೇ ಯಾಕೆ ಆರಿಸಿದರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೌಲೂದಿ, ಹಿಜರಿ, ಶಾಲಿವಾಹನ ಮೂರೂ ತೇದಿಗಳನ್ನು ಒಟ್ಟಿಗೆ ಹೊತ್ತ, 1787ರ ಮಾರ್ಚ್ ಆಸುಪಾಸಿನ ಕಾಗದ ಅಥವಾ ಶಾಸನ ಒಂದು ದೊರೆತರೆ ಮೇಲಿನ ಸೂಚನೆ ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿದೀತು.