ಕಲ್ಲುಗಣಿ, ಕಾಗದದ ಗಿರಣಿ, ಸೆರೆಮನೆ: ಫ್ರಾನ್ಸಿನ ಮಧ್ಯಯುಗದ ಮಠಗಳ ಎರಡನೆಯ ಚರಿತ್ರೆ

ಫ್ರಾನ್ಸಿನ ಪ್ರಾಚೀನ ಚರ್ಚುಗಳನ್ನೂ ಕ್ರೈಸ್ತ ಮಠಗಳನ್ನೂ ಕುರಿತ ಬರಹಗಳು ಬಹುಮಟ್ಟಿಗೆ ಅವು ಎದ್ದುನಿಂತ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲೇ ಮುಗಿದುಹೋಗುತ್ತವೆ. ಕಟ್ಟಿಸಿದ ಮಠಾಧ್ಯಕ್ಷ ಯಾರು, ಕಮಾನು ರೋಮನೆಸ್ಕ್ ಶೈಲಿಯದೋ ಗೋಥಿಕ್ ಶೈಲಿಯದೋ ಎಂಬುದು ತಿಳಿಯುತ್ತದೆ. ಆದರೆ ಒಂದೇ ಪ್ರಾಂತದ, ಹೆಚ್ಚುಕಡಿಮೆ ಒಂದೇ ಕಾಲದ ಎರಡು ಮಠಗಳಲ್ಲಿ ಒಂದು ಇಡಿಯಾಗಿ ಉಳಿದು ಇನ್ನೊಂದು ನೆಲಸಮವಾದದ್ದೇಕೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಉತ್ತರವಿರುವುದು 1789ರ ನಂತರದ ಇತಿಹಾಸದಲ್ಲಿ. ಕ್ರಾಂತಿಯ ಬಳಿಕ ಕಟ್ಟಡ ಯಾರ ಕೈಸೇರಿತು, ಅವರು ಅದನ್ನು ಯಾವ ಕೆಲಸಕ್ಕೆ ಹಚ್ಚಿದರು ಎಂಬುದೇ ಅದರ ಅಳಿವು ಉಳಿವನ್ನು ತೀರ್ಮಾನಿಸಿತು.

1789ರ ನವೆಂಬರ್ 2ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ಸನ್ಯಾಸ ವ್ರತಗಳನ್ನೇ ರದ್ದು ಮಾಡಿತು. ಮಠಗಳು ಬರಿದಾದವು, ಒಂದೊಂದಾಗಿ ಮಾರಾಟಕ್ಕೆ ಬಂದವು.

ಬರ್ಗಂಡಿಯ ಕ್ಲೂನಿ ಮಠಕ್ಕೆ ಸಿಕ್ಕಿದ್ದು ಅತ್ಯಂತ ಕೆಟ್ಟ ಕೈ. ಅಕ್ವಿಟೇನಿನ ಡ್ಯೂಕ್ ವಿಲಿಯಂ ಹತ್ತನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ಸ್ಥಾಪಿಸಿದ ಮಠ ಇದು. ಸ್ಥಳೀಯ ಸಾಮಂತರ ಹಂಗಿಲ್ಲದೆ ನೇರವಾಗಿ ಪೋಪರ ರಕ್ಷಣೆಯಲ್ಲಿದ್ದದ್ದು ಅದರ ಬಲ. ಬಲ ಬೆಳೆದಂತೆ ಯುರೋಪಿನ ಉದ್ದಗಲಕ್ಕೆ ನೂರಾರು ಶಾಖಾಮಠಗಳು ಅದರ ಅಧೀನಕ್ಕೆ ಬಂದವು. ಮಠಾಧ್ಯಕ್ಷ ಹ್ಯೂ 1088ರಲ್ಲಿ ಅಲ್ಲಿ ಮೂರನೆಯ ಚರ್ಚಿನ ಕೆಲಸ ಆರಂಭಿಸಿದ. ಅದರ ವೆಚ್ಚದ ದೊಡ್ಡ ಪಾಲು ಸ್ಪೇನಿನ ಲೆಯೋನ್-ಕ್ಯಾಸ್ಟೀಲ್ ರಾಜ್ಯದ ರಾಜ ಆರನೆಯ ಅಲ್ಫಾನ್ಸೊ ಕಳಿಸುತ್ತಿದ್ದ ಚಿನ್ನದ ಕಾಣಿಕೆಯಿಂದ ಬಂತು. 1095ರಲ್ಲಿ ಎರಡನೆಯ ಅರ್ಬನ್ ಪೋಪ್ ಬಂದು ಮುಖ್ಯ ವೇದಿಕೆಯನ್ನು ಪ್ರತಿಷ್ಠಾಪಿಸಿದರು. ಪೂರ್ತಿಯಾದಾಗ ಚರ್ಚಿನ ಉದ್ದ ಸುಮಾರು 187 ಮೀಟರ್. ರೋಮಿನ ಸಂತ ಪೀಟರರ ಹೊಸ ಬೆಸಿಲಿಕ ಏಳುವವರೆಗೂ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಚರ್ಚ್ ಇರಲಿಲ್ಲ.

1798ರಲ್ಲಿ ಅದನ್ನು ಕೊಂಡ ವ್ಯಾಪಾರಿಗಳ ಕಣ್ಣಿಗೆ ಕಂಡದ್ದು ಕಲ್ಲು ಮಾತ್ರ. ಕೆಡಹುವ ಕೆಲಸ ಕಾಲು ಶತಮಾನ ನಡೆಯಿತು. ಚರ್ಚಿನ ನಡುವೆಯೇ ರಸ್ತೆ ಹಾಯಿತು, ಗೋಡೆಗಳಿಗೆ ಸಿಡಿಮದ್ದು ಇಟ್ಟರು. ಗರ್ಭಭಾಗವಿದ್ದ ಕಡೆ ನೆಪೋಲಿಯನ್ನನ ಕಾಲದಲ್ಲಿ ಸರ್ಕಾರಿ ಅಶ್ವಶಾಲೆ ಎದ್ದಿತು. ಈಗ ಉಳಿದಿರುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ: ಅಡ್ಡಬಾಹುವಿನ ದಕ್ಷಿಣ ಭಾಗ ಮತ್ತು ಅದರ ಮೇಲಿನ ಎಂಟು ಮೂಲೆಯ ಗೋಪುರ. ಆ ತುಂಡು ಬಾಹುವಿನ ಕೆಳಗೆ ನಿಂತು ಕತ್ತೆತ್ತಿದಾಗ ಕಳೆದುಹೋದದ್ದರ ಅಳತೆ ತಿಳಿಯುತ್ತದೆ. ನಷ್ಟದ ಅರಿವು ಎದೆಗೆ ತಾಗುತ್ತದೆ. ಇದೇ ಆವರಣದಲ್ಲಿ ಹದಿನೆಂಟನೆಯ ಶತಮಾನದ ಸನ್ಯಾಸಿ ನಿವಾಸ ಮಾತ್ರ ಗಟ್ಟಿಯಾಗಿ ನಿಂತಿದೆ. ಈಗ ಅಲ್ಲಿ ಎಂಜಿನಿಯರಿಂಗ್ ಶಾಲೆ ನಡೆಯುತ್ತಿದೆ. ಮೂರನೆಯ ಚರ್ಚಿನ ಪೂರ್ಣ ರೂಪವನ್ನು ಕಾಗದದ ಮೇಲಾದರೂ ಮರಳಿ ಕಾಣಿಸಿದವರು 1928ರಿಂದ ಇಲ್ಲಿ ಉತ್ಖನನ ನಡೆಸಿದ ಅಮೆರಿಕದ ವಿದ್ವಾಂಸ ಕೆನೆತ್ ಕೊನಂಟ್. ಕಂಬಗಳ ಬೋದಿಗೆಗಳನ್ನು ಮಠದ ಹಳೆಯ ಹಿಟ್ಟಿನ ಉಗ್ರಾಣದಲ್ಲಿ ಇಟ್ಟಿದ್ದಾರೆ. ಅವನ್ನು ನೋಡದೆ ಬರಬಾರದು.

ಅದೇ ಬರ್ಗಂಡಿಯ ಉತ್ತರಕ್ಕೆ, ಮೊಂಬಾರ್ ಊರಿನ ಬಳಿಯ ಕಾಡುಕಣಿವೆಯಲ್ಲಿ ಫೊಂತನೆ ಮಠವಿದೆ. ಕ್ಲೂನಿಯ ವೈಭವವನ್ನು ಕಟುವಾಗಿ ಟೀಕಿಸಿದ ಕ್ಲೆರ್ವೊ ಮಠದ ಬೆರ್ನಾರ್ 1118ರಲ್ಲಿ ಸ್ಥಾಪಿಸಿದ್ದು ಇದು. ಚರ್ಚು 1147ರಲ್ಲಿ ಮೂರನೆಯ ಯೂಜೀನ್ ಪೋಪರಿಂದ ಪ್ರತಿಷ್ಠೆಗೊಂಡಿತು. ಅದಕ್ಕೆ ಗಂಟೆಗೋಪುರವಿಲ್ಲ, ಶಿಲ್ಪಾಲಂಕಾರವಿಲ್ಲ. ಬೆಳಕಿನ ಏರಿಳಿತವೇ ಅದರ ಅಲಂಕಾರ. ಸನ್ಯಾಸಿಗಳು ಹೊಳೆಯ ನೀರಿನಿಂದ ಸುತ್ತಿಗೆ ನಡೆಸುತ್ತಿದ್ದ ಕಮ್ಮಾರಸಾಲೆಯೂ ಅಲ್ಲಿದೆ, ಉದ್ದ 53 ಮೀಟರ್. ಮಠವನ್ನು ಕಾಪಾಡಿದ್ದು ಆ ನೀರೇ. ಕ್ರಾಂತಿಯ ಕಾಲದಲ್ಲಿ ಮಾರಾಟವಾದ ಫೊಂತನೆ ಕಾಗದದ ಗಿರಣಿಯಾಯಿತು. ಬಲೂನ್ ಹಾರಿಸಿ ಹೆಸರಾದ ಮೊಂಗೋಲ್ಫಿಯೆ ಮನೆತನದ ಎಲಿ ಅದನ್ನು 1820ರಲ್ಲಿ ಕೊಂಡ. ಕೆಲಸಕ್ಕೆ ಬರುವ ಗೋಡೆಯನ್ನು ಯಾವ ಮಾಲೀಕನೂ ಕೆಡವುವುದಿಲ್ಲ. 1906ರಲ್ಲಿ ಲಿಯೋನಿನ ಬ್ಯಾಂಕರ್ ಎದುವಾರ್ ಐನಾರ್ ಮಠವನ್ನು ಪಡೆದು, ಗಿರಣಿಗಾಗಿ ಸೇರಿಸಿದ್ದ ಕಟ್ಟಡಗಳನ್ನು ತೆಗೆಸಿ, ಮೂಲ ರೂಪಕ್ಕೆ ತಂದ. 1981ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೆರೆಮನೆಯಾದ ಮಠಗಳ ಕಥೆ ಇಷ್ಟು ನೇರವಲ್ಲ. ಲುವಾರ್ ಕಣಿವೆಯ ಫೊಂತೆವ್ರೋ 1101ರಲ್ಲಿ ರೊಬೆರ್ ದಾರ್ಬ್ರಿಸೆಲ್ ಕಟ್ಟಿದ ಮಠ. ಗಂಡಸರೂ ಹೆಂಗಸರೂ ಇದ್ದ ಆ ಮಠದ ಅಧಿಕಾರ ನಡೆಸಿದವಳು ಮಠಾಧ್ಯಕ್ಷೆ. ಇಂಗ್ಲೆಂಡಿನ ಎರಡನೆಯ ಹೆನ್ರಿ, ರಾಣಿ ಎಲಿನೋರ್, ಮಗ ರಿಚರ್ಡ್ ಇವರ ಮಲಗಿದ ಪ್ರತಿಮೆಗಳು ಅಲ್ಲಿವೆ. ನೆಪೋಲಿಯನ್ನನ 1804ರ ಆಜ್ಞೆಯಿಂದ ಅದು ಸೆರೆಮನೆಯಾಯಿತು. ಚರ್ಚಿನೊಳಗೇ ಅಂತಸ್ತುಗಳನ್ನು ಹಾಕಿದರು. ಕೈದಿಗಳನ್ನು ಸ್ಥಳಾಂತರಿಸಿದ್ದು 1963ರಲ್ಲಿ. ಮೊಂ ಸ್ಯಾಂ ಮಿಶೆಲ್ ಕೂಡ 1863ರವರೆಗೆ ಸೆರೆಮನೆಯೇ. ಇವೆರಡೂ ಪೆಟ್ಟು ತಿಂದರೂ ಉಳಿದವು. ಬೆರ್ನಾರನ ಸ್ವಂತ ಕ್ಲೆರ್ವೊಗೆ ಆ ಭಾಗ್ಯವಿರಲಿಲ್ಲ. 1808ರಲ್ಲಿ ಸೆರೆಮನೆಯಾದ ಕೆಲವೇ ವರ್ಷಗಳಲ್ಲಿ ಅದರ ಚರ್ಚನ್ನು ಕೆಡವಿಹಾಕಿದರು. ಹೀಗಾಗಿ ಬಳಕೆ ಕಟ್ಟಡವನ್ನು ಉಳಿಸುತ್ತದೆ ಎಂಬ ಮಾತನ್ನು ಎಲ್ಲ ಕಡೆಗೂ ಅನ್ವಯಿಸಲಾಗದು. ಛಾವಣಿಯ ಕೆಳಗಿನ ಜಾಗ ಬೇಕಾದವರು ಉಳಿಸಿದರು, ಕಲ್ಲು ಬೇಕಾದವರು ಕೆಡವಿದರು.

ಇನ್ನೊಂದು ದಾರಿ ಬರ್ಗಂಡಿಯ ವೆಜಲೆಯದು. ಬೆರ್ನಾರ್ 1146ರಲ್ಲಿ ಎರಡನೆಯ ಧರ್ಮಯುದ್ಧಕ್ಕೆ ಕರೆಕೊಟ್ಟ ಈ ಬೆಟ್ಟದೂರಿನ ಚರ್ಚು ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬೀಳುವ ಸ್ಥಿತಿಯಲ್ಲಿತ್ತು. ಐತಿಹಾಸಿಕ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿದ್ದ ಸಾಹಿತಿ ಪ್ರಾಸ್ಪೆರ್ ಮೆರಿಮೆ 1834ರಲ್ಲಿ ಒಳಗೆ ಕೂತು ಚಿತ್ರ ಬರೆಯುವಾಗ ಸುತ್ತಲೂ ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳಿದ್ದಾಗಿ ದಾಖಲಿಸಿದ್ದಾನೆ. 1840ರಲ್ಲಿ ದುರಸ್ತಿಯ ಹೊಣೆ ಹೊತ್ತ ವಿಯೊಲೆ-ಲ-ದ್ಯೂಕ್‌ಗೆ ಆಗ 26 ವರ್ಷ. ಅವನು ಹಲವೆಡೆ ತನ್ನ ಊಹೆಯನ್ನು ಕಲ್ಲಿಗಿಳಿಸಿದ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಅವನಿಲ್ಲದಿದ್ದರೆ ಇಂದು ವೆಜಲೆಯ ಚಾವಣಿ ಇರುತ್ತಿರಲಿಲ್ಲ ಎಂದೇ ನನ್ನ ನಿಲುವು. ಒಳಬಾಗಿಲ ಮೇಲಿನ ಶಿಲ್ಪದಲ್ಲಿ ಸುವಾರ್ತೆ ತಲುಪಬೇಕಾದ ಭೂಮಿಯ ಜನಾಂಗಗಳನ್ನು ಕೆತ್ತಿದ್ದಾರೆ. ಅವರಲ್ಲಿ ನಾಯಿತಲೆಯವರೂ ಇದ್ದಾರೆ. ಗ್ರೀಕ್ ಲೇಖಕ ಕ್ಟೇಸಿಯಸ್ ಅಂಥವರು ಭಾರತದ ಬೆಟ್ಟಗಳಲ್ಲಿದ್ದಾರೆಂದು ಬರೆದಿದ್ದ. ನಮ್ಮ ನೆಲವನ್ನು ಕುರಿತ ಪಾಶ್ಚಾತ್ಯ ಕಲ್ಪನೆಯೊಂದು ಹೀಗೆ ಬರ್ಗಂಡಿಯ ಕಲ್ಲಿನವರೆಗೂ ಹೋಗಿದೆ.

ನೋಡಲು ಹೋಗುವವರು ಮೊದಲು ಫೊಂತನೆ, ನಂತರ ವೆಜಲೆ, ಕೊನೆಗೆ ಕ್ಲೂನಿ ಎಂಬ ಕ್ರಮ ಇಟ್ಟುಕೊಳ್ಳಲಿ. ಕ್ಲೂನಿಯಿಂದ ಪಶ್ಚಿಮಕ್ಕಿರುವ ಪಾರೆ-ಲ-ಮೊನಿಯಾಲ್ ಚರ್ಚನ್ನೂ ನೋಡಬೇಕು. ಕ್ಲೂನಿಯ ಮೂರನೆಯ ಚರ್ಚಿನ ಮಾದರಿಯಲ್ಲೇ ಚಿಕ್ಕದಾಗಿ ಕಟ್ಟಿದ ಅದು ಇಂದಿಗೂ ಪೂರ್ತಿ ನಿಂತಿದೆ. ಇನ್ನು ಕ್ಲೆರ್ವೊದ ಸೆರೆಮನೆ ಮುಚ್ಚಿದ್ದು 2023ರಲ್ಲಿ. ಅಲ್ಲಿ ಹನ್ನೆರಡನೆಯ ಶತಮಾನದಿಂದ ಉಳಿದಿರುವುದು ಶ್ರಮಿಕ ಸಹೋದರರ ವಸತಿಕಟ್ಟಡ.