ಅಪೊಲೊ ಬಂದರಿನ ಗೆರೆ, ಡೊಂಬಿವಲಿಯ ನೀರು

ಮಳೆಗಾಲ ಬಂದರೆ ಡೊಂಬಿವಲಿಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಅಂಕಿ ಓಡಾಡುತ್ತದೆ: ಇಂದು ಇಷ್ಟು ಮೀಟರ್ ಭರತಿ. ಭರತಿ ಅಂದರೆ ಮರಾಠಿಯಲ್ಲಿ ಉಬ್ಬರ. ನಾಲ್ಕೂವರೆ ದಾಟಿದರೆ ಲೋಕಲ್ ಹತ್ತುವುದೋ ಬೇಡವೋ ಎಂಬ ಚರ್ಚೆ. ಈ ಅಂಕಿಯ ಮೂಲ ಹುಡುಕುತ್ತ ಹೋದ ನನಗೆ ಸಿಕ್ಕಿದ್ದು 1878ನೇ ಇಸವಿ, ಜೊತೆಗೆ ನಮ್ಮ ಕಾರವಾರ.

ಆ ವರ್ಷ ಸರ್ವೇ ಆಫ್ ಇಂಡಿಯಾ ಮುಂಬಯಿಯ ಅಪೊಲೊ ಬಂದರಿನಲ್ಲೂ ಕಾರವಾರದಲ್ಲೂ ಉಬ್ಬರ ಅಳೆಯುವ ಕೆಲಸ ಆರಂಭಿಸಿತು. (ಗೇಟ್‌ವೇ ಆಫ್ ಇಂಡಿಯಾ ಆಗಿನ್ನೂ ಹುಟ್ಟಿರಲಿಲ್ಲ.) ನೀರಿನೊಂದಿಗೆ ಏರಿಳಿಯುವ ತೇಲುಬುಂಡೆ, ತಿರುಗುವ ಉರುಳೆ, ಅದಕ್ಕೆ ಸುತ್ತಿದ ಕಾಗದದ ಮೇಲೆ ಹಗಲೂ ರಾತ್ರಿ ಗೆರೆ ಎಳೆಯುವ ಪೆನ್ಸಿಲ್.

ಗೆರೆಯಿಂದ ಭವಿಷ್ಯ ತೆಗೆಯುವ ದಾರಿ ತೋರಿದವರಲ್ಲಿ ಮುಖ್ಯರು ಲಾರ್ಡ್ ಕೆಲ್ವಿನ್. ಉಬ್ಬರವೆಂದರೆ ಒಂದೇ ಅಲೆಯಲ್ಲ. ಚಂದ್ರನದು 12 ಗಂಟೆ 25 ನಿಮಿಷಕ್ಕೊಮ್ಮೆ, ಸೂರ್ಯನದು 12 ಗಂಟೆಗೊಮ್ಮೆ, ಹೀಗೆ ಹತ್ತಾರು ಅಲೆಗಳ ಮೊತ್ತ. ಯಾವುದು ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಆಕಾಶ ಹೇಳುತ್ತದೆ. ಎಷ್ಟು ಎತ್ತರ, ಎಷ್ಟು ತಡ ಎಂಬುದನ್ನು ಆಯಾ ಬಂದರಿನ ಗೆರೆಯೇ ಹೇಳಬೇಕು. 1879ರಲ್ಲಿ ಎಡ್ವರ್ಡ್ ರಾಬರ್ಟ್ಸ್ ಭಾರತದ ಬಂದರುಗಳಿಗೆಂದೇ ಲಂಡನ್ನಿನಲ್ಲಿ ಮಾಡಿಸಿದ ಯಂತ್ರ ಇಂಥ 20 ಅಲೆಗಳನ್ನು ಗಾಲಿ, ರಾಟೆಗಳಿಂದ ಕೂಡಿಸುತ್ತಿತ್ತು. ವಿದ್ಯುತ್ತಿನ ಕಂಪ್ಯೂಟರಿಗೆ ಮುಂಚೆಯೇ ನಮ್ಮ ಸಮುದ್ರಕ್ಕೊಂದು ಕಂಪ್ಯೂಟರ್ ಇತ್ತು ಎಂದು ನಾನು ಆಫೀಸಿನಲ್ಲಿ ಹೇಳುವುದುಂಟು, ಹುಡುಗರು ನಗುತ್ತಾರೆ.

ಆದರೆ ಅದು ಜನವರಿಯಲ್ಲಿ ಬರೆದಿಟ್ಟ ಪ್ರಾಜೆಕ್ಟ್ ಪ್ಲಾನಿನಂತೆ. ಜುಲೈನ ಗಾಳಿ, ವಾಯುಭಾರ ಕುಸಿತ ಅದಕ್ಕೆ ತಿಳಿಯದು. ಪ್ಲಾನೂ ಅಷ್ಟಿಷ್ಟು ತಪ್ಪು, ಕೆಳಗಿನಿಂದ ಬರುವ ವರದಿಯೂ ಅಷ್ಟಿಷ್ಟು ತಪ್ಪು. ಯಾವುದನ್ನು ಎಷ್ಟು ನಂಬಬೇಕೆಂದು ತೂಗಿ ಪ್ಲಾನನ್ನು ತಿದ್ದುತ್ತ ಹೋಗುವ ಗಣಿತವನ್ನು 1960ರಲ್ಲಿ ಕಾಲ್ಮನ್ ಬರೆದರು. ಅದೇ ಬೆಳೆದು ಇಂದಿನ ಡೇಟಾ ಅಸಿಮಿಲೇಶನ್. 1999ರಲ್ಲಿ ಶುರುವಾದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಂಪ್ಯೂಟರುಗಳು ಸಮುದ್ರದ ಮಾದರಿಯನ್ನು ಓಡಿಸುತ್ತ, ಉಪಗ್ರಹಗಳೂ ಆರ್ಗೋ ಫ್ಲೋಟುಗಳೂ ಕಳಿಸುವ ಅಳತೆಗಳಿಂದ ಅದನ್ನು ತಿದ್ದುತ್ತವೆ. ಆರ್ಗೋ ಸುಮಾರು 2000 ಮೀಟರ್ ಆಳಕ್ಕಿಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಷ್ಣತೆ, ಉಪ್ಪಿನಂಶ ತಿಳಿಸುತ್ತದೆ.

ಅಷ್ಟು ಆಳದ ಜೀವಿ ಠಾಣೆಯ ಖಾಡಿಗೆ ಬರಲಾರದು. ಡೊಂಬಿವಲಿ, ಕಲ್ಯಾಣಗಳ ಪಕ್ಕದ ಉಲ್ಲಾಸ ನದಿಗೂ ಬರಲಾರದು. ಅಲ್ಲಿಯ ತನಕ ಉಬ್ಬರ ಮಾತ್ರ ಏರಿ ಬರುತ್ತದೆ.

2005ರ ಜುಲೈ 26ನ್ನು ಇಲ್ಲಿಯ ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ಮುಂಬಯಿಯ ಕೊಲಾಬಾದಲ್ಲಿ ಕೇವಲ 73. ಮಧ್ಯಾಹ್ನದ ಉಬ್ಬರ ಚರಂಡಿಗಳ ಬಾಯಿ ಮುಚ್ಚಿತು. ಠಾಣೆ, ಕಲ್ಯಾಣ, ಬದಲಾಪುರಗಳೂ ಮುಳುಗಿದವು. ಆ ದಿನದ ಉಬ್ಬರ ಪಟ್ಟಿಯಲ್ಲಿ ಮೊದಲೇ ಅಚ್ಚಾಗಿತ್ತು ಎಂಬುದನ್ನು ನಾವು ಗಮನಿಸಬೇಕು. ಕಾಣದೇ ಹೋದದ್ದು ಮಳೆ. ಇಲ್ಲದೇ ಹೋದದ್ದು ಮಳೆ, ನದಿ, ಉಬ್ಬರ ಮೂರನ್ನೂ ಗಂಟೆ ಗಂಟೆಗೂ ಒಟ್ಟಿಗೆ ಕೂಡಿಸುವ ಲೆಕ್ಕ. ಹಾಗಾಗಿ ವಾಟ್ಸಾಪಿನ ಬರಿಯ ಮೀಟರಿಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಮಳೆ ಯಾವ ಗಂಟೆಗೆ ಎಂದು ಕೇಳುತ್ತೇನೆ.

ನವಿ ಮುಂಬಯಿ ಕಟ್ಟಿದ ಸಿಡ್ಕೋ ಇದನ್ನು ಮೊದಲೇ ಯೋಚಿಸಿತ್ತು. ಅಲ್ಲಿ ಖಾಡಿಯಂಚಿಗೆ ಕೆರೆಗಳಿವೆ. ಉಬ್ಬರದ ಹೊತ್ತಿಗೆ ಅವುಗಳ ತೂಬಿನ ಬಾಗಿಲು ಮುಚ್ಚಿಕೊಂಡು ಮಳೆನೀರು ಒಳಗೇ ನಿಲ್ಲುತ್ತದೆ, ಇಳಿತಕ್ಕೆ ಹರಿದುಹೋಗುತ್ತದೆ. ಈಗ ಆ ಕೆರೆಗಳಲ್ಲಿ ಹೂಳು ತುಂಬಿದೆ, ಕಾಂಡ್ಲಾ ಬೆಳೆದಿದೆ. ಅವುಗಳ ಇಂದಿನ ಆಳವನ್ನೂ ಯಾರಾದರೂ ಅಳೆದು ಲೆಕ್ಕಕ್ಕೆ ಸೇರಿಸಬೇಕು.